ಬರಿಗಾಲಿನ ಆಟಗಾರ ಅಹಮದ್ ಖಾನ್

ಕಾಲ್ಚೆಂಡಾಟವು ನಮ್ಮ ವಯನಾಡಿನ ಮಕ್ಕಳಿಗೆ ಹೊಸದಲ್ಲ. ಕೊಯ್ಲಾದ ಗದ್ದೆಯೂ ಶಾಲೆಯ ಅಂಗಳವೂ ಅವರಿಗೆ ಆಟದ ಬಯಲೇ ಸರಿ. ಅಲ್ಲಿ ಬರಿಗಾಲಿನಿಂದಲೇ ಚೆಂಡನ್ನೊದೆಯುವ ಬಾಲಕರು ಇಂದಿಗೂ ಉಂಟು. ಬರಿಗಾಲಿನವನು ದೊಡ್ಡ ಆಟಗಾರನಾಗಬಲ್ಲನೆ? ಆಟಕ್ಕೆ ಬೂಟು ಅವಶ್ಯವೆ? ಈ ಪ್ರಶ್ನೆಗಳನ್ನು ವಿದ್ಯಾರ್ಥಿಗಳೂ, ಬೂಟಿಗೆ ಹಣ ಹೊಂದಿಸಬೇಕಾದ ತಂದೆತಾಯಿಗಳೂ ಕೇಳುವುದು ಸಹಜವಾಗಿದೆ. ಬೆಂಗಳೂರಿನ ಅಹಮದ್ ಖಾನರ ಕ್ರೀಡಾಜೀವನವು ಇವೆರಡಕ್ಕೂ ಉತ್ತರ ಕೊಡಬಲ್ಲುದೆಂದು ನಾವು ಭಾವಿಸುತ್ತೇವೆ.

ಅಹಮದ್ ಖಾನರು ೧೯೨೬ರಲ್ಲಿ ಬೆಂಗಳೂರಿನಲ್ಲಿ ಜನಿಸಿದರು. ಅವರದು ಕಾಲ್ಚೆಂಡಾಟಗಾರರ ಮನೆತನ. ಸೋದರರೂ ಆಟಗಾರರೇ ಆಗಿದ್ದರು. ಅವರ ಬಾಲ್ಯದ ದಿನಗಳಲ್ಲಿ ಬೆಂಗಳೂರಿನ ಕೀರ್ತಿ ಈ ಆಟದಲ್ಲಿ ಬಹು ದೂರ ಹಬ್ಬಿತ್ತು. ಮುಂಬಯಿಯ ಪ್ರಸಿದ್ಧವಾದ ರೋವರ್ಸ್ ಕಪ್ಪನ್ನು ಬೆಂಗಳೂರು ಮುಸ್ಲಿಮ್ಸ್ ತಂಡವು ೧೯೩೭ ಮತ್ತು ೧೯೩೮ರಲ್ಲಿ ಸತತವಾಗಿ ಗೆದ್ದುಕೊಂಡಿತ್ತು. ಅಂಥ ಊರಿನಲ್ಲಿ ಬೆಳೆದ ಬಾಲಕನಿಗೆ ಚೆಂಡು ಒಡನಾಡಿಯಾದುದರಲ್ಲಿ ಆಶ್ಚರ್ಯವಿಲ್ಲ.

ಅಂದಿನ ಆಟದ ವ್ಯೂಹವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಗೋಲು ಕಾಯುವವನ ಮುಂದೆ ಇಬ್ಬರು ಬ್ಯಾಕುಗಳು, ಅವರ ಮುಂದೆ ಮೂವರು ಹಾಫ್ ಬ್ಯಾಕುಗಳು, ಎಲ್ಲರಿಗಿಂತ ಮುಂದೆ ಐವರು ಫಾರ್ವರ್ಡುಗಳು. ಈ ಐವರಲ್ಲಿ ನಡುವಿನವನು ಸೆಂಟರ್ ಫಾರ್ವರ್ಡ್. ಗೋಲು ಹೊಡೆಯುವ ಮುಖ್ಯ ಭಾರ ಅವನದು. ಅವನ ಎಡಕ್ಕೆ, ಅಂಚಿನ ಆಟಗಾರನಿಗೂ ಅವನಿಗೂ ನಡುವೆ ನಿಲ್ಲುವವನು ಇನ್‌ಸೈಡ್ ಲೆಫ್ಟ್. ಅಹಮದ್ ಖಾನರ ಸ್ಥಾನ ಅದು. ಹಿಂದಿನಿಂದ ಬಂದ ಚೆಂಡನ್ನು ವಶಮಾಡಿಕೊಂಡು, ಎದುರಾಳಿಗಳನ್ನು ತಪ್ಪಿಸಿ, ಸಮಯವರಿತು ಜೊತೆಗಾರನಿಗೆ ಒಪ್ಪಿಸುವುದು ಅವನ ಕೆಲಸ. ಅವಕಾಶ ಸಿಕ್ಕಾಗ ತಾನೇ ಗೋಲು ಹೊಡೆಯುವುದೂ ಉಂಟು. ಚೆಂಡನ್ನು ಕಾಲಿನಲ್ಲಿ ಆಡಿಸುತ್ತ ಎದುರಾಳಿಯನ್ನು ಮರುಳುಗೊಳಿಸುತ್ತಿದ್ದುದರಿಂದ ಅಹಮದ್ ಖಾನರಿಗೆ ‘ಹಾವಾಡಿಗ’ ಎಂಬ ಹೆಸರೇ ಬಂದಿತು.

ಸ್ವಾತಂತ್ರ್ಯ ಬಂದು ವರ್ಷ ತುಂಬುವ ಮೊದಲೇ, ೧೯೪೮ರ ಜುಲೈ ೩೧ರಂದು, ಭಾರತದ ತಂಡವು ಲಂಡನ್ ಒಲಿಂಪಿಕ್ ಕೂಟದಲ್ಲಿ ಫ್ರಾನ್ಸನ್ನು ಎದುರಿಸಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದರು. ಬೂಟು ತೊಟ್ಟ ಎದುರಾಳಿಗಳ ನಡುವೆ ಈ ಬರಿಗಾಲುಗಳು ಚೆಂಡನ್ನು ಅಂಜದೆ ಆಡಿಸಿದುದನ್ನು ಕಂಡು ಪ್ರೇಕ್ಷಕರು ಬೆರಗಾದರು. ಭಾರತದ ಏಕೈಕ ಗೋಲನ್ನು ಹೊಡೆದವರು ಬೆಂಗಳೂರಿನವರೇ ಆದ ಎಸ್. ರಾಮನ್. ಎರಡು ಪೆನಾಲ್ಟಿಗಳು ದೊರೆತರೂ ನಮ್ಮವರು ಎರಡನ್ನೂ ಕಳೆದುಕೊಂಡರು. ಆಟ ಮುಗಿಯುವ ಹೊತ್ತಿಗೆ ಫ್ರಾನ್ಸು ೨–೧ರಿಂದ ಗೆದ್ದಿತು. ಸೋತರೂ ಗೌರವ ಉಳಿಯಿತು.

ಮರುವರ್ಷ ಅಹಮದ್ ಖಾನರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸಂಘವನ್ನು ಸೇರಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್ ಮತ್ತು ಕೇರಳದ ಸಾಲೆ ಎಂಬ ಐವರು ಅಲ್ಲಿಯ ಮುಂಸಾಲಿನಲ್ಲಿ ಒಂದಾದರು. ಜನರು ಇವರನ್ನು ‘ಪಂಚಪಾಂಡವರು’ ಎಂದು ಕರೆದರು. ಬೇರೆ ಬೇರೆ ಪ್ರಾಂತಗಳಿಂದ ಬಂದ, ಬೇರೆ ಬೇರೆ ಭಾಷೆಗಳನ್ನಾಡುವ ಈ ಐವರಿಗೆ ಚೆಂಡೇ ಸಾಮಾನ್ಯ ಭಾಷೆಯಾಯಿತು. ಐ.ಎಫ್.ಎ. ಷೀಲ್ಡನ್ನು ಈಸ್ಟ್ ಬೆಂಗಾಲ್ ತಂಡವು ೧೯೪೯, ೧೯೫೦ ಮತ್ತು ೧೯೫೧ರಲ್ಲಿ ಸತತವಾಗಿ ಮೂರು ಬಾರಿ ಗೆದ್ದಿತು. ೧೯೫೧ರ ಮಾರ್ಚಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲನೆಯ ಏಷ್ಯನ್ ಕ್ರೀಡಾಕೂಟದ ಅಂತಿಮ ಪಂದ್ಯದಲ್ಲಿ ಇರಾನನ್ನು ೧–೦ರಿಂದ ಸೋಲಿಸಿ ಸ್ವರ್ಣಪದಕ ಪಡೆದ ಭಾರತ ತಂಡದಲ್ಲಿಯೂ ಅಹಮದ್ ಖಾನರಿದ್ದರು.

ಭಾರತವು ೧೯೫೦ರ ವಿಶ್ವಕಪ್ಪಿಗೆ ಹೋಗದಿದ್ದುದು ಬರಿಗಾಲಿನಲ್ಲಿ ಆಡಲು ಅನುಮತಿ ಸಿಗದ ಕಾರಣದಿಂದ ಎಂಬ ಮಾತು ಬಹಳ ಪ್ರಚಾರದಲ್ಲಿದೆ. ಆದರೆ ತಂಡದ ಆಯ್ಕೆಯಲ್ಲಿ ಭಿನ್ನಾಭಿಪ್ರಾಯವಿದೆಯೆಂದೂ ಅಭ್ಯಾಸಕ್ಕೆ ಸಮಯ ಸಾಲದೆಂದೂ ನಮ್ಮ ಸಂಸ್ಥೆಯೇ ಅಂದು ಕಾರಣ ಹೇಳಿತ್ತು. ಆ ಕಾಲದಲ್ಲಿ ಒಲಿಂಪಿಕ್ ಕೂಟವನ್ನೇ ನಮ್ಮವರು ಹಿರಿದೆಂದು ಎಣಿಸಿದ್ದರು. ತಪ್ಪನ್ನು ಬರಿಗಾಲಿನ ಮೇಲೆ ಹೊರಿಸುವುದು ಸುಲಭ, ನ್ಯಾಯವಲ್ಲ.

ಆದರೆ ಬರಿಗಾಲಿಗೆ ನಿಜವಾದ ಪರೀಕ್ಷೆ ೧೯೫೨ರ ಜುಲೈ ೧೫ರಂದು ಹೆಲ್ಸಿಂಕಿಯಲ್ಲಿ ಒದಗಿತು. ಬರಿಗಾಲಿಗೆ ಚೆಂಡಿನ ಸ್ಪರ್ಶ ಚೆನ್ನಾಗಿ ತಿಳಿಯುತ್ತದೆ. ಗಟ್ಟಿಯಾದ ಒಣನೆಲದ ಮೇಲೆ ಅದು ಚುರುಕಾಗಿ ತಿರುಗಬಲ್ಲುದು. ನೆಲ ಒದ್ದೆಯಾದರೆ ಅದು ಜಾರುತ್ತದೆ, ಚಳಿಯಲ್ಲಿ ಮರಗಟ್ಟುತ್ತದೆ. ಅಂದಿನ ಚರ್ಮದ ಚೆಂಡು ನೀರು ಕುಡಿದು ಭಾರವಾಗುತ್ತಿತ್ತು. ಅದನ್ನು ಬಲವಾಗಿ ಒದೆಯುವುದು ಇನ್ನೂ ಕಷ್ಟ. ಉತ್ತರ ದೇಶದ ಆ ತಂಪಿನಲ್ಲಿ ಬಲಿಷ್ಠವಾದ ಯುಗೋಸ್ಲಾವಿಯವು ನಮ್ಮನ್ನು ೧೦–೧ರಿಂದ ಸೋಲಿಸಿತು. ಆ ಒಂದು ಗೋಲು ಅಹಮದ್ ಖಾನರದು. ಲಂಡನ್ನಿನಲ್ಲಿ ರಾಮನ್, ಹೆಲ್ಸಿಂಕಿಯಲ್ಲಿ ಅಹಮದ್: ಎರಡು ಒಲಿಂಪಿಕ್ ಕೂಟಗಳಲ್ಲಿ ಭಾರತ ಪಡೆದ ಎರಡು ಗೋಲುಗಳೂ ಬೆಂಗಳೂರಿನವರವು.

ಈ ಸೋಲಿನ ಬಳಿಕ ನಮ್ಮ ದೇಶದಲ್ಲಿ ಆಟಗಾರರು ಬೂಟು ಧರಿಸುವುದು ಕಡ್ಡಾಯವಾಯಿತು. ಹೊರಗಿನ ಪ್ರಪಂಚವು ಆಗಲೇ ಇನ್ನೂ ಮುಂದೆ ಹೋಗಿತ್ತು. ೧೯೫೪ರ ಜುಲೈ ೪ರಂದು ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ, ಮಳೆಯಲ್ಲಿ ನಡೆದ ವಿಶ್ವಕಪ್ಪಿನ ಅಂತಿಮ ಪಂದ್ಯಕ್ಕೆ ಪಶ್ಚಿಮ ಜರ್ಮನಿಯ ಆಟಗಾರರು ಆಡಿ ಡಾಸ್ಲರ್ ಎಂಬ ತಮ್ಮ ದೇಶದವನು ಸಿದ್ಧಪಡಿಸಿದ ಬೂಟುಗಳನ್ನು ತೊಟ್ಟಿದ್ದರು. ಅಡಿಯ ಗುಬುಟುಗಳನ್ನು ತಿರುಪಿ ತೆಗೆದು, ಕೆಸರಿಗೆ ತಕ್ಕಂತೆ ಉದ್ದನೆಯವನ್ನು ಜೋಡಿಸುವ ಅನುಕೂಲ ಅದರಲ್ಲಿತ್ತು. ಹೆಲ್ಸಿಂಕಿಯಲ್ಲಿ ಸ್ವರ್ಣ ಗೆದ್ದಿದ್ದ ಹಂಗೇರಿಯು ಮೊದಲು ಎರಡು ಗೋಲು ಹೊಡೆದರೂ ಜರ್ಮನರು ೩–೨ರಿಂದ ಗೆದ್ದರು. ಮುಂಸಾಲಿನ ಆಟಗಾರ ಹೆಲ್ಮುಟ್ ರಾನ್ ಎರಡು ಗೋಲು ಹೊಡೆದನು. ಬೂಟೇ ಗೆಲ್ಲಿಸಿತೆಂದು ನಾವು ಹೇಳುವುದಿಲ್ಲ. ಜಾರುವ ನೆಲದಲ್ಲಿ ಕಾಲೂರಲು ಅದು ನೆರವಾಯಿತೆಂಬುದು ಮಾತ್ರ ನಿಜ.

ಅಹಮದ್ ಖಾನರು ಹೊಸ ಕಾಲಕ್ಕೆ ಹೊಂದಿಕೊಂಡು, ೧೯೫೦ರ ದಶಕದ ಕೊನೆಯವರೆಗೂ ಈಸ್ಟ್ ಬೆಂಗಾಲ್ ಪರವಾಗಿ ಆಡಿದರು. ೨೦೧೭ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ತೀರಿಕೊಂಡರು.

ಅವರ ಕಾಲದಲ್ಲಿ ಕಾಲ್ಚೆಂಡಾಟ ನಮ್ಮಲ್ಲಿ ಇಂದಿನಂತೆ ಸಂಬಳದ ವೃತ್ತಿಯಾಗಿರಲಿಲ್ಲ. ಈಗ ಆ ದಾರಿಯೂ ತೆರೆದಿದೆ. ವಯನಾಡಿನ ಸುಶಾಂತ್ ಮ್ಯಾಥ್ಯೂ ಅವರು ೨೦೧೪ರ ಇಂಡಿಯನ್ ಸೂಪರ್ ಲೀಗಿನ ಉಪಾಂತ್ಯದಲ್ಲಿ ಕೇರಳ ಬ್ಲಾಸ್ಟರ್ಸ್ ತಂಡಕ್ಕಾಗಿ ಚೆನ್ನೈಯಿನ್ ತಂಡದ ಮೇಲೆ ಗೋಲು ಹೊಡೆದುದನ್ನು ನಮ್ಮವರು ಮರೆತಿಲ್ಲ.

ವಿದ್ಯಾರ್ಥಿಗಳೇ, ಬರಿಗಾಲು ನಾಚಿಕೊಳ್ಳಬೇಕಾದ ವಿಷಯವಲ್ಲ. ಹೊಗಳಿ ಹಾಗೆಯೇ ಉಳಿಸಿಕೊಳ್ಳಬೇಕಾದ ವಿಷಯವೂ ಅಲ್ಲ. ಬೂಟನ್ನು ಅಂಗಡಿಯಲ್ಲಿ ಕೊಳ್ಳಬಹುದು. ಚೆಂಡಿನ ಮೇಲಣ ಹಿಡಿತವನ್ನು ಅಭ್ಯಾಸದಿಂದ ಮಾತ್ರ ಪಡೆಯಬೇಕು. ಇಂದೇ ಬೂಟಿಲ್ಲವೆಂದು ಆಟ ಬಿಡಬೇಡಿರಿ. ತಂದೆತಾಯಿಗಳಲ್ಲಿ ನಮ್ಮ ಬಿನ್ನಹವೂ ಒಂದುಂಟು: ಮಗುವಿನಲ್ಲಿ ಆ ಹಿಡಿತ ಕಂಡುಬಂದಾಗ, ಅದರ ಕಾಲಿಗೊಂದು ಜೊತೆ ಬೂಟು ಒದಗಿಸುವುದನ್ನು ದುಂದುವೆಚ್ಚವೆಂದು ಎಣಿಸಬಾರದು. ಹೆಲ್ಸಿಂಕಿಯಲ್ಲಿ ನಮ್ಮವರಿಗೆ ಕೊರತೆಯಾದುದು ಕಲೆಯಲ್ಲ, ಆ ಕಲೆಗೆ ತಕ್ಕ ಸಿದ್ಧತೆ.