ಹಾಡಬಾರದೆಂದ ಮೇಲೆ

ಹಾಡಕೂಡದು, ಗಟ್ಟಿಯಾಗಿ ಮಾತೂ ಆಡಕೂಡದು, ಹಾಸಿಗೆ ಬಿಟ್ಟು ಏಳಕೂಡದು. ಇಪ್ಪತ್ಮೂರರ ಗಾಯಕನೊಬ್ಬನಿಗೆ ವೈದ್ಯರು ವಿಧಿಸಿದ ಪಥ್ಯ ಇದು. ಶ್ವಾಸಕೋಶಕ್ಕೆ ಕ್ಷಯ ತಗುಲಿತ್ತು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಹಾಡು ಬಿಟ್ಟು ಬೇರೆ ಯಾವ ಕೆಲಸವನ್ನೂ ಆತ ಕಲಿತಿರಲಿಲ್ಲ. ಏಳೆಂಟು ವರ್ಷದ ಹುಡುಗನಾಗಿದ್ದಾಗಿನಿಂದ ಅನ್ನವೂ ಅದೇ, ಹೆಸರೂ ಅದೇ.

ಆ ಗಾಯಕ ನಮ್ಮ ಬೆಳಗಾವಿ ತಾಲ್ಲೂಕಿನ ಸುಳೇಭಾವಿಯವರು. 1924ರ ಏಪ್ರಿಲ್ 8ರಂದು ಹುಟ್ಟಿದ ಶಿವಪುತ್ರ ಸಿದ್ದರಾಮಯ್ಯ ಕೊಂಕಾಳಿಮಠ. ಲೋಕಕ್ಕೆಲ್ಲ ಕುಮಾರ ಗಂಧರ್ವ. ಬೆಳಗಾವಿಯಲ್ಲಿ ಅವರ ಹೆಸರಿನ ಕಲಾಮಂದಿರವಿದೆ. ಅಲ್ಲಿ ನಾಟಕ ನೋಡುತ್ತೇವೆ, ಸನ್ಮಾನ ಮಾಡುತ್ತೇವೆ. ಆದರೆ ಆ ಹೆಸರಿನ ಮನುಷ್ಯ ಬದುಕು ಮುರಿದುಬಿದ್ದಾಗ ಏನು ಮಾಡಿದರು ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಿದ್ದು ಕಡಿಮೆ. ನೌಕರಿ ಹೋದವರು, ಕಾಯಿಲೆ ಬಿದ್ದವರು, ನಿವೃತ್ತರಾಗಿ ಊರಿಗೆ ಮರಳಿ "ಇನ್ನ ಮುಂದ ಮಾಡೂದೇನ್ರಿ?" ಎಂದು ಕೇಳುವವರು ನಮ್ಮ ನಡುವೆ ಎಷ್ಟೋ ಜನ. ಅವರಿಗೆಲ್ಲ ಈ ಕಥೆಯ ಮೇಲೆ ಹಕ್ಕಿದೆ ಎಂದು ನಾನು ನಂಬಿದ್ದೇನೆ.

ತಂದೆ ಸಿದ್ದರಾಮಯ್ಯನವರೂ ಹಾಡುತ್ತಿದ್ದರು, ಬಾಲಗಂಧರ್ವರ ರಂಗಗೀತೆಗಳೆಂದರೆ ಅವರಿಗೆ ಪ್ರಾಣ. ನಾಟಕ ಕಂಪನಿಗಳು ಊರೂರು ಸುತ್ತುತ್ತಿದ್ದ, ಗ್ರಾಮೊಫೋನು ಮನೆಮನೆಗೆ ಬರತೊಡಗಿದ್ದ ಕಾಲ. ಒಂದು ದಿನ ಹುಡುಗ ಇದ್ದಕ್ಕಿದ್ದಂತೆ ಹಾಡತೊಡಗಿದ. ಹಾಡಿದ್ದು ಮಕ್ಕಳ ಪದವನ್ನಲ್ಲ. ಅಬ್ದುಲ್ ಕರೀಂ ಖಾನ್, ವಝೇಬುವಾರಂಥವರ ತಟ್ಟೆಗಳಲ್ಲಿದ್ದುದನ್ನು, ತಾನ್, ಮುರಕಿ ಒಂದೂ ತಪ್ಪದಂತೆ ಒಪ್ಪಿಸುತ್ತಿದ್ದ. ಲಿಂಗಾಯತ ಮಠದ ಸ್ವಾಮಿಗಳೊಬ್ಬರು ಕೇಳಿ ಬೆರಗಾಗಿ 'ಕುಮಾರ ಗಂಧರ್ವ' ಎಂದು ಕರೆದರು. ಅಲಹಾಬಾದ್, ಕೊಲ್ಕತ್ತಾ ಎಂದು ಸಮ್ಮೇಳನಗಳಿಗೆ ಕರೆ ಬಂತು. 1936ರ ಹೊತ್ತಿಗೆ ಮುಂಬಯಿಯಲ್ಲಿ ಹಾಡಿ ಘಟಾನುಘಟಿಗಳ ಕಣ್ಣಲ್ಲಿ ನೀರು ತರಿಸಿದ ಮೇಲೆ ಪ್ರೊಫೆಸರ್ ಬಿ. ಆರ್. ದೇವಧರರ ಸಂಗೀತ ಶಾಲೆಯೇ ಹುಡುಗನ ಮನೆಯಾಯಿತು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಆ ಬಾಲಪ್ರತಿಭೆಯ ಕೀರ್ತಿಯೆಲ್ಲ ನಿಂತಿದ್ದು ಇನ್ನೊಬ್ಬರಂತೆ ಹಾಡುವುದರ ಮೇಲೆ. ದೇವಧರರು ವಿಚಾರವಂತ ಗುರುಗಳು. ಒಂದೇ ಘರಾಣೆಯ ಬೇಲಿ ಹಾಕದೆ, ಯಾವುದು ಏಕೆ ಚೆನ್ನ ಎಂದು ಕೇಳುವುದನ್ನು ಶಿಷ್ಯರಿಗೆ ಕಲಿಸಿದವರು. ಹಾಗಿದ್ದೂ ಕಛೇರಿ, ಚಪ್ಪಾಳೆ, ಮುಂದಿನ ಊರು ಎಂಬ ಓಟದಲ್ಲಿ ನಿಂತು ಯೋಚಿಸಲು ಯಾರಿಗೆ ಪುರುಸೊತ್ತು? ಕಾಯಿಲೆ ಆ ಓಟವನ್ನು ತುಂಡರಿಸಿತು.

1948ರ ಜನವರಿ ಕೊನೆ. ಗಾಂಧೀಜಿಯ ಹತ್ಯೆಯಿಂದ ದೇಶ ತತ್ತರಿಸಿದ ಆ ದಿನಗಳಲ್ಲೇ ಕುಮಾರ ಮತ್ತು ಪತ್ನಿ ಭಾನುಮತಿ ಮಾಳವ ಪ್ರಾಂತದ ದೇವಾಸಕ್ಕೆ ಬಂದಿಳಿದರು. ಮುಂಬಯಿಯ ಸಮುದ್ರದ ಗಾಳಿ ಆಗದು, ಒಣ ಹವೆ ಬೇಕು ಎಂಬುದು ವೈದ್ಯರ ಸಲಹೆ. ತವರಿಗೆ ಮರಳುವ ಮಾತನ್ನೂ ಆಡುವಂತಿರಲಿಲ್ಲ ಎಂದು ನನಗನ್ನಿಸುತ್ತದೆ. ಕಣಕುಂಬಿಯಲ್ಲಿ ಹುಟ್ಟಿ ಖಾನಾಪುರವನ್ನು ಹಾದುಬರುವ ಮಲಪ್ರಭೆಯ ಕಡೆಯಿಂದ ಜಡಿಮಳೆ ಹಿಡಿದರೆ ಬೆಳಗಾವಿಯ ಗೋಡೆಗಳೂ ತಿಂಗಳುಗಟ್ಟಲೆ ಬೆವರುತ್ತವೆ. ಎದೆರೋಗದವರಿಗೆ ಹೇಳಿಸಿದ ಹವೆಯಲ್ಲ ಇದು.

ದೇವಾಸದಲ್ಲಿ ಐದಾರು ವರ್ಷ ಮಲಗಿದರು. ಬಾಯಿ ಮುಚ್ಚಿತ್ತು, ಕಿವಿ ಮುಚ್ಚಿರಲಿಲ್ಲ. ಬೀದಿಯಲ್ಲಿ ಹೆಣ್ಣುಮಕ್ಕಳು ಹಬ್ಬದ ಹಾಡು, ಮದುವೆ ಹಾಡು ಹೇಳಿಕೊಂಡು ಹೋಗುತ್ತಿದ್ದರು. ನಾಥಪಂಥದ ಜೋಗಿಗಳು ಕಬೀರನ ಪದ ಹಾಡುತ್ತ ಭಿಕ್ಷೆಗೆ ಬರುತ್ತಿದ್ದರು. ನಾಲ್ಕೈದು ಸ್ವರಗಳೊಳಗೇ ಓಡಾಡುವ ಹಾಡುಗಳು ಅವು. ಹಾಡಿದವರಿಗೆ ರಾಗದ ಹೆಸರು ಗೊತ್ತಿಲ್ಲ, ಯಾರಾದರೂ ಚಪ್ಪಾಳೆ ತಟ್ಟಲಿ ಎಂಬ ಆಸೆಯಿಲ್ಲ. ಉಸ್ತಾದರನ್ನು ಕೇಳಿ ಬೆಳೆದ ಕಿವಿ ಹೆಸರಿಲ್ಲದವರ ಹಾಡಿಗೆ ಮೊದಲ ಬಾರಿಗೆ ಪೂರ್ತಿ ತೆರೆದುಕೊಂಡಿತು. ಕೇಳಿದ್ದನ್ನು ಬರೆದಿಟ್ಟುಕೊಂಡರು, ಸ್ವರಲಿಪಿ ಹಾಕಿದರು. ರಾಗಗಳ ಬೇರು ಇಂಥ ಧಾಟಿಗಳಲ್ಲೇ ಇದೆ ಎಂಬ ಕಾಣ್ಕೆ ಅವರಿಗೆ ದಕ್ಕಿದ್ದು ಹಾಗೆ. ಮುಂದೆ ಮಾಲವತಿ, ಸಹೇಲಿ ತೋಡಿ, ಲಗನ ಗಾಂಧಾರ, ಸಂಜಾರಿಯಂಥ ಹೊಸ ರಾಗಗಳು ಹುಟ್ಟಿದವು. ಲೋಕದ ಧುನ್‌ಗಳಿಂದ ಮೂಡಿದ್ದಕ್ಕೆ ಅವಕ್ಕೆ 'ಧುನ್ ಉಗಮ ರಾಗ'ಗಳೆಂದೇ ಹೆಸರು.

ಈ ಕಥೆಯನ್ನು ಹೇಳುವಾಗ ಹಲವರು "ಕಾಯಿಲೆಯೇ ಅವರಿಗೆ ವರವಾಯಿತು" ಎಂದುಬಿಡುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಕ್ಷಯ ಯಾರಿಗೂ ವರವಲ್ಲ. ಆ ಕಾಲದಲ್ಲಿ ಅದು ಮನೆಮನೆ ಬರಿದು ಮಾಡಿದ ರೋಗ. ಅವರನ್ನು ಉಳಿಸಿದ್ದು ಸ್ಟ್ರೆಪ್ಟೊಮೈಸಿನ್. ಅಮೆರಿಕದಲ್ಲಿ ಸೆಲ್ಮನ್ ವಾಕ್ಸ್‌ಮನ್ ಮತ್ತು ಆಲ್ಬರ್ಟ್ ಶಾಟ್ಜ್ 1943ರಲ್ಲಿ ಮಣ್ಣಿನ ಸೂಕ್ಷ್ಮಜೀವಿಯೊಂದರಲ್ಲಿ ಕಂಡ ಔಷಧಿ ಅದು. ಅದು ಇಲ್ಲಿ ಕೈಗೆ ಸಿಕ್ಕ ಮೇಲೆ, 1950ರ ದಶಕದ ಆರಂಭದಲ್ಲಿ, ಕುಮಾರ ಎದ್ದು ಕೂತರು. ಒಂದು ಶ್ವಾಸಕೋಶ ಮಾತ್ರ ಕೊನೆಗೂ ಸರಿಹೋಗಲಿಲ್ಲ. ಇಂದು ಸಾಮಾನ್ಯ ಕ್ಷಯಕ್ಕೆ 6 ತಿಂಗಳ ಮಾತ್ರೆ ಸಾಕು, ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಯಾರೂ ಆ ಐದಾರು ವರ್ಷ ಮಲಗಬೇಕಾಗಿಲ್ಲ.

ಇನ್ನೊಂದು ಆಸರೆ ಭಾನುಮತಿ. ಅವರೂ ದೇವಧರರ ಶಿಷ್ಯೆ, ಸ್ವತಃ ಗಾಯಕಿ. ಗಂಡ ಹಾಸಿಗೆ ಹಿಡಿದಾಗ ದೇವಾಸದ ಶಾಲೆಯಲ್ಲಿ ಪಾಠ ಹೇಳಿ ಮನೆ ನಡೆಸಿದರು. ಮದ್ದು, ಪಥ್ಯ, ಆರೈಕೆ ಎಲ್ಲ ಅವರದೇ. ಕುಮಾರರ ಬದುಕು ಹೊಸ ದಿಕ್ಕು ಹಿಡಿಯಿತು ಎನ್ನುವಾಗ ಆ ದಿಕ್ಕಿಗೆ ದುಡ್ಡು, ಸಮಯ, ಮೌನ ಒದಗಿಸಿದವರು ಯಾರು ಎಂದು ಕೇಳದಿದ್ದರೆ ಕಥೆ ಅರ್ಧವಾಗುತ್ತದೆ. "ನಿನಗೆ ಇಷ್ಟವಾದದ್ದನ್ನು ಹುಡುಕಿಕೋ" ಎಂದು ಸಂಕಟದಲ್ಲಿರುವವರಿಗೆ ಬುದ್ಧಿ ಹೇಳುವುದು ಸುಲಭ. ಹುಡುಕುವಷ್ಟು ದಿನ ಅವರ ಮನೆಯ ಒಲೆ ಉರಿಯುವಂತೆ ನೋಡಿಕೊಳ್ಳುವವರು ಬೇಕು.

ಎದ್ದುಬಂದ ಗಾಯಕನ ಹಾಡು ಬೇರೆಯೇ ಆಗಿತ್ತು. ಉದ್ದುದ್ದ ಉಸಿರಿನ ಆಲಾಪ ಇನ್ನು ಸಾಧ್ಯವಿರಲಿಲ್ಲ. ಅದನ್ನು ಮುಚ್ಚಿಡಲು ಅವರು ಹೋಗಲಿಲ್ಲ. ಪುಟ್ಟ ಪುಟ್ಟ ಸ್ವರಗುಚ್ಛ, ನಡುವೆ ಬಿಡುವು, ತಟ್ಟನೆ ಮೇಲಿನ ಸ್ವರಕ್ಕೆ ಜಿಗಿತ, ಮಿಂಚಿನಂಥ ಚಿಕ್ಕ ತಾನ್: ಇರುವ ಉಸಿರಿಗೆ ತಕ್ಕಂತೆ ಖಯಾಲನ್ನೇ ಮತ್ತೆ ಕಟ್ಟಿದರು. ಸಂಪ್ರದಾಯಸ್ಥರು ಸಿಡುಕಿದರು, ಘರಾಣೆ ಯಾವುದೆಂದು ಕೇಳಿದರು. ಈಗ ಆ ಧ್ವನಿಮುದ್ರಿಕೆಗಳನ್ನು ಕೇಳಿದರೆ ಆ ಬಿಡುವುಗಳೇ ನನ್ನನ್ನು ಹಿಡಿದು ನಿಲ್ಲಿಸುತ್ತವೆ. ಜೋಗಿಗಳಿಂದ ಕೇಳಿದ ಕಬೀರನ ನಿರ್ಗುಣ ಪದಗಳು ಅವರ ಕಂಠದಲ್ಲಿ ದೇಶಕ್ಕೆಲ್ಲ ತಲುಪಿದವು.

ಬೆಳಗಾವಿ–ಖಾನಾಪುರದ ಮಟ್ಟಿಗೆ ಇದು ಹಳೆಯ ಕಥೆಯಲ್ಲ. 1922ರಿಂದ ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಬೆಳಗಾವಿಯಲ್ಲಿದೆ. ಸುತ್ತಲಿನ ಹಳ್ಳಿಗಳಲ್ಲಿ ಫೌಜಿಗಳಿಲ್ಲದ ಓಣಿ ಅಪರೂಪ. ಸಿಪಾಯಿಗೆ ಪಿಂಚಣಿಗೆ ಬೇಕಾದದ್ದು 15 ವರ್ಷಗಳ ಸೇವೆ. ಮೂವತ್ತೈದು, ನಲವತ್ತಕ್ಕೆಲ್ಲ ಟ್ರಂಕು ಹೊತ್ತು ಊರಿಗೆ ಬರುವವರಿಗೆ ಇನ್ನೂ ಅರ್ಧ ಆಯುಷ್ಯ ಮುಂದಿರುತ್ತದೆ. 2022ರಲ್ಲಿ ಬಂದ ಅಗ್ನಿಪಥ ಸೇನಾ ನೇಮಕಾತಿ ಯೋಜನೆಯಲ್ಲಂತೂ ನಾಲ್ಕು ವರ್ಷ ಮುಗಿದ ಮೇಲೆ ಕಾಯಂ ಆಗಲು ಅವಕಾಶವಿರುವುದು ನಾಲ್ವರಲ್ಲಿ ಒಬ್ಬರಿಗೆ. ಉಳಿದವರು ಊರಿಗೆ ಮರಳುವಾಗ ಅವರಿಗೆ ಹೆಚ್ಚುಕಡಿಮೆ ಕುಮಾರ ದೇವಾಸಕ್ಕೆ ಹೋದಾಗಿನ ವಯಸ್ಸು. ಸೆಕ್ಯೂರಿಟಿ ಕೆಲಸವೊಂದೇ ಅವರಿಗೆ ದಾರಿ ಎಂದು ಊರು ಮೊದಲೇ ತೀರ್ಮಾನಿಸಿಬಿಡಬಾರದು.

ಖಾನಾಪುರದ ಮಣ್ಣಿನ ಕೆಲಸವನ್ನು ನೋಡಿ. ಇಲ್ಲಿನ ಹೆಂಚು, ಗಡಿಗೆ ಹೆಸರಾದವು. ಸ್ಲ್ಯಾಬಿನ ಮನೆಗಳು ಬಂದಂತೆ ಹೆಂಚು ಹಿಂದೆ ಸರಿಯಿತು, ಸ್ಟೀಲು ಪ್ಲಾಸ್ಟಿಕ್ಕು ಬಂದಂತೆ ಗಡಿಗೆ ಮೂಲೆಗೆ ಹೋಯಿತು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಖಾನಾಪುರದಲ್ಲೇ ಇದೆ. ತಿಗರಿ ತಿರುಗಿಸಿದ ಕೈ ಅಲ್ಲಿ ಬೇರೆ ಆಕಾರ, ಬೇರೆ ಹೊಳಪು ಕಲಿಯಬಹುದು. ಮಣ್ಣಿನ ಹದ ತಿಳಿದ ಬೆರಳು ಅದೇ. ಮಾಡುವ ವಸ್ತು ಬದಲು. ಕುಮಾರರೂ ಹಾಡು ಬಿಟ್ಟು ಬೇರೆ ಕಸುಬಿಗೆ ಹೋಗಲಿಲ್ಲ. ಬದುಕು ತಿರುವು ಪಡೆದಾಗ ಹಳೆಯದನ್ನೆಲ್ಲ ಕಿತ್ತೆಸೆದು ಹೊಸ ಗುರಿ ಹುಡುಕಬೇಕು ಎಂಬ ಈಗಿನ ಭಾಷಣಗಳು ಅದಕ್ಕೇ ನನಗೆ ಒಗ್ಗುವುದಿಲ್ಲ. ಕೈಯಲ್ಲಿ ಉಳಿದಿರುವುದೇನು, ಅದು ಇನ್ನಾವ ಆಕಾರ ತಾಳಬಲ್ಲದು ಎಂಬುದನ್ನು ಮೊದಲು ನೋಡಬೇಕು.

ಕಷ್ಟ ಒಂದೇ ಸಲ ಬಂದು ಹೋಗುವುದಿಲ್ಲ. 1961ರಲ್ಲಿ ಎರಡನೆಯ ಹೆರಿಗೆಯಲ್ಲಿ ಭಾನುಮತಿ ತೀರಿಕೊಂಡರು. ಮುಂದೆ ಕುಮಾರ ಸಹಪಾಠಿ ಗಾಯಕಿ ವಸುಂಧರಾ ಅವರನ್ನು ಮದುವೆಯಾದರು. ಇಬ್ಬರೂ ಕೂಡಿ ಹಾಡಿದ ಪದಗಳು ಮನೆಮಾತಾದವು. ದೇವಾಸದ ಮನೆಗೆ ಇಟ್ಟ ಹೆಸರು 'ಭಾನುಕುಲ'. 1965ರಲ್ಲಿ ಸ್ವಂತ ಬಂದಿಶ್‌ಗಳ 'ಅನೂಪ ರಾಗ ವಿಲಾಸ' ಪುಸ್ತಕ ಬಂತು. ಋತುಗಳ ಹಾಡುಗಳಿಗೆ, ತುಕಾರಾಮರಿಗೆ, ಬಾಲಗಂಧರ್ವರಿಗೆ ಒಂದೊಂದು ಕಾರ್ಯಕ್ರಮ ಕಟ್ಟಿದರು. ಗಾಂಧೀಜಿಗಾಗಿ 'ಗಾಂಧಿ ಮಲ್ಹಾರ' ಎಂಬ ರಾಗವನ್ನೇ ರಚಿಸಿದರು. 1990ರಲ್ಲಿ ಪದ್ಮವಿಭೂಷಣ ಬಂತು. 1992ರ ಜನವರಿ 12ರಂದು ದೇವಾಸದಲ್ಲೇ ಕಣ್ಣುಮುಚ್ಚಿದರು.

2024ರಲ್ಲಿ ಅವರ ಜನ್ಮಶತಮಾನ ಆಯಿತು. ನನ್ನ ಆಸೆ ಇಷ್ಟೇ. ಮಾಳವದ ಹೆಣ್ಣುಮಕ್ಕಳ ಹಾಡನ್ನು ಸುಳೇಭಾವಿಯ ಮಗ ಬರೆದಿಟ್ಟರು. ಸುಳೇಭಾವಿಯ ಬೀಸುವ ಪದ, ಸೋಬಾನೆ ಪದ, ಖಾನಾಪುರದ ಕಾಡಂಚಿನ ಗವಳಿಗರ, ಸಿದ್ದಿಯರ ಹಾಡು, ಗಡಿಹಳ್ಳಿಗಳ ಮರಾಠಿ ಓವಿ ಇವನ್ನೆಲ್ಲ ಬಲ್ಲ ಅಜ್ಜಿಯರು ಇನ್ನೂ ಇದ್ದಾರೆ. ನಿವೃತ್ತ ಮಾಸ್ತರರೋ, ಊರಿಗೆ ಮರಳಿದ ಫೌಜಿಯೋ, ಮಕ್ಕಳು ಪುಣೆ–ಬೆಂಗಳೂರು ಸೇರಿದ ಮೇಲೆ ಮನೆಯಲ್ಲಿ ಒಂಟಿಯಾದ ತಾಯಿಯೋ ಕೈಯಲ್ಲಿರುವ ಫೋನಿನಲ್ಲೇ ಅವನ್ನು ಮುದ್ರಿಸಿಕೊಳ್ಳಬಹುದು. ಹಾಡಿದವರ ಹೆಸರು, ಊರು, ಯಾವ ಕೆಲಸದ ಹೊತ್ತಿನ ಹಾಡು ಎಂದು ಒಂದು ನೋಟುಬುಕ್ಕಿನಲ್ಲಿ ಬರೆದರೆ ಸಾಕು. ಅದಕ್ಕೆ ಸಂಗೀತ ಬರಬೇಕಿಲ್ಲ. ಈ ಬೇಸಿಗೆಯಲ್ಲೇ, ಮಳೆ ಹಿಡಿಯುವ ಮುಂಚೆ, ನಿಮ್ಮ ಓಣಿಯ ಹಿರಿಯಜ್ಜಿಯಿಂದಲೇ ಶುರುಮಾಡಿ.