ಬೆಂಕಿಗೆ ಹಿಡಿದ ತಮಟೆ

ಸಭೆ ಶುರುವಾಗುವ ಮುಂಚೆ ವೇದಿಕೆಯ ಹಿಂದಕ್ಕೆ ಹೋಗಿ ನೋಡಬೇಕು. ಹಳೇ ಪೇಪರು, ಹಿಡಿ ಹುಲ್ಲು ಗುಡ್ಡೆ ಹಾಕಿ ಬೆಂಕಿ ಹಚ್ಚಿರುತ್ತಾರೆ. ತಮಟೆಯನ್ನು ತಿರುಗಿಸಿ ತಿರುಗಿಸಿ ಕಾಯಿಸುತ್ತಾ ನಡುನಡುವೆ ಬೆರಳಲ್ಲಿ ತಟ್ಟುತ್ತಾರೆ. ‘ಡಬ್’ ಅನ್ನುತ್ತಿದ್ದ ಚರ್ಮ ‘ಟಣ್’ ಅನ್ನುವವರೆಗೆ ಹಾಡಿಲ್ಲ.

ಸಾವಿಗೆ, ಜಾತ್ರೆಗೆ, ಡಂಗುರಕ್ಕೆ ಕರೆದಾಗೆಲ್ಲ ದಲಿತರು ಬಡಿಯಲೇಬೇಕಿದ್ದ ವಾದ್ಯ ಇದು. ಕನ್ನಡ ಸಾಹಿತ್ಯವನ್ನು ‘ಬೂಸಾ’ ಎಂದ ಮಾತಿನ ಮೇಲೆ ಎದ್ದ 1973ರ ಬೂಸಾ ಗಲಾಟೆಯ ನಂತರ ದಲಿತ ಹುಡುಗರು ಒಟ್ಟಾಗತೊಡಗಿದರು. ಭದ್ರಾವತಿಯ ಬಿ. ಕೃಷ್ಣಪ್ಪ ಮುಂತಾದವರು ಕಟ್ಟಿದ ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ ಅದೇ ತಮಟೆ, ಯಾರೂ ಕರೆಯದೆ, ತನಗಾಗಿ ಬಡಿದುಕೊಂಡಿತು. ಅದಕ್ಕೆ ಹಾಡು ಕೊಟ್ಟವರಲ್ಲಿ ಮೊದಲಿಗರು ಮಾಗಡಿ ತಾಲ್ಲೂಕಿನ ಮಂಚನಬೆಲೆಯ ಸಿದ್ಧಲಿಂಗಯ್ಯ. ‘ಹೊಲೆಮಾದಿಗರ ಹಾಡು’ ಕವನ ಸಂಕಲನ 1975ರಲ್ಲಿ ಬಂದಾಗ ಅವರಿಗೆ 21 ವರ್ಷ. ಎತ್ತಿನ ಬದಲು ಇಬ್ಬರು ಮನುಷ್ಯರ ಹೆಗಲಿಗೆ ನೊಗ ಕಟ್ಟಿ ಉಳುತ್ತಿದ್ದುದನ್ನು, ಅವರಲ್ಲೊಬ್ಬ ತನ್ನ ಅಪ್ಪನೇ ಆಗಿದ್ದುದನ್ನು ಬಾಲ್ಯದಲ್ಲಿ ಕಂಡವರು ಅವರು. ಅವರ ಆತ್ಮಕಥೆ ‘ಊರುಕೇರಿ’ ಓದಿದವರು ಅದನ್ನು ಮರೆಯಲಾರರು.

ನಲವತ್ತೇಳರ ಸ್ವಾತಂತ್ರ್ಯದ ಬಗೆಗಿನ ಅವರ ಹಾಡು ಕೂಲಿಯವರಿಗೆ ಅಷ್ಟು ಬೇಗ ಹಿಡಿಸಿದ್ದೇಕೆ? ಸಿಟ್ಟಿನಿಂದ ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಸಿಟ್ಟಿನ ಪದ್ಯಗಳು ಆಗ ಬೇಕಾದಷ್ಟಿದ್ದವು. ಇದು ಲೆಕ್ಕ ಕೇಳುವ ಹಾಡು. ಬಂದದ್ದು ಯಾರ ಕೈಗೆ ಹೋಯಿತು ಎಂದು ಶನಿವಾರದ ಬಟವಾಡೆಯಲ್ಲಿ ಮೇಸ್ತ್ರಿಯನ್ನು ಕೇಳುವ ಧಾಟಿಯೇ ಅದರಲ್ಲಿದೆ. ಆ ಪ್ರಶ್ನೆಯನ್ನು ಯಾರೂ ಕೂಲಿಯವರಿಗೆ ಕಲಿಸಬೇಕಿರಲಿಲ್ಲ.

ಇಂಥ ಹಾಡನ್ನು ಒಬ್ಬ ಎತ್ತಿಕೊಡುವುದು, ಉಳಿದವರು ಸೊಲ್ಲು ಹಿಡಿಯುವುದು ಭಜನೆ, ಕೋಲಾಟಗಳಿಂದ ಬಂದ ರೂಢಿ. ಮುಂದೆ ಗ್ರಾಮದೇವತೆಗಳ ಮೇಲೆ ಪಿಎಚ್.ಡಿ. ಮಾಡಿದ ಕವಿಗೆ ಇದು ಗೊತ್ತಿಲ್ಲದ್ದೇನಲ್ಲ. ಅಕ್ಷರ ಬಾರದವರೂ ಎರಡನೇ ಸಲಕ್ಕೆ ದನಿಗೂಡಿಸಬಹುದು. ‘ಸಮುದಾಯ’ ರಂಗಸಂಘಟನೆಯ ತಂಡಗಳು ಬೀದಿನಾಟಕದ ಜೊತೆಗೆ ಇಂಥ ಹಾಡುಗಳನ್ನೂ ಊರೂರಿಗೆ ಹೊತ್ತೊಯ್ದವು. ಪುಸ್ತಕ ಕೊಳ್ಳದವರ ಬಾಯಲ್ಲಿ ಪುಸ್ತಕದ ಪದ್ಯ ಕುಣಿಯಿತು.

ಸಿದ್ಧಲಿಂಗಯ್ಯ ಆಮೇಲೆ ವಿಧಾನ ಪರಿಷತ್ತಿಗೆ ಹೋದರು, ಸಿನಿಮಾಕ್ಕೂ ಬರೆದರು. ‘ಬಾ ನಲ್ಲೆ ಮಧುಚಂದ್ರಕೆ’ಯ ಬೆಳದಿಂಗಳ ಹಾಡೂ ಅವರದೇ ಅಂದರೆ ಹಲವರು ಹುಬ್ಬೇರಿಸುತ್ತಾರೆ. ಕವಿ ಮೆತ್ತಗಾದರು ಎಂದು ಮೂಗು ಮುರಿದವರೂ ಇದ್ದರು. 2021ರ ಜೂನ್‌ನಲ್ಲಿ ಕೋವಿಡ್ ಅವರನ್ನು ಕರೆದೊಯ್ದಾಗ ಫೋನಿಂದ ಫೋನಿಗೆ ಹರಿದಾಡಿದ್ದು ಮಾತ್ರ ಆ ಹಳೇ ಲೆಕ್ಕದ ಹಾಡೇ.

ಈಗ ಫೈಬರ್ ಹೊದಿಕೆಯ ತಮಟೆ ಬಂದಿದೆ. ಮಳೆಗೆ ಸಡಿಲವಾಗುವುದಿಲ್ಲ, ಬೆಂಕಿಯೂ ಬೇಡ. ಹೋದ ಏಪ್ರಿಲ್ 14ರ ಅಂಬೇಡ್ಕರ್ ಜಯಂತಿಯಂದು ನೋಡಿದೆ: ಅಂಥದ್ದನ್ನೇ ತಂದಿದ್ದ ಹುಡುಗನೊಬ್ಬ ಅಭ್ಯಾಸಬಲಕ್ಕೆ ಬೆಂಕಿಪೊಟ್ಟಣಕ್ಕಾಗಿ ಜೇಬು ತಡಕುತ್ತಿದ್ದ.