ಅಲೆಯಾಟಕ್ಕೆ ಎಂಥ ಉಡುಪು?

ಮುಲ್ಕಿಯ ಕಡಲಲ್ಲಿ ಸರ್ಫಿಂಗ್ ಕಲಿಯಲು ಹೊರಟ ಮಕ್ಕಳಿಗೆ ಚಳಿಯಾದೀತೆಂದು ದಪ್ಪ ರಬ್ಬರಿನ ಉಡುಪು ಕೊಳ್ಳಬೇಕೇ? ಬೇಕಿಲ್ಲ. ನಮ್ಮ ಕರಾವಳಿಯ ನೀರಿನ ಉಷ್ಣಾಂಶ ವರ್ಷದ ಹೆಚ್ಚು ಕಾಲ ಸುಮಾರು 27ರಿಂದ 30 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಇಲ್ಲಿ ಹೆಚ್ಚಿನ ಅಪಾಯ ಬಿಸಿಲಿನದು. ಮೈ ಒದ್ದೆಯಾಗಿ ಗಾಳಿ ಬೀಸುತ್ತಿದ್ದರೆ ಚರ್ಮ ಸುಡುವುದು ಗೊತ್ತೇ ಆಗುವುದಿಲ್ಲ. ಬಿಳಿ ಹತ್ತಿ ಬನಿಯನ್ ನೆನೆದರೆ ಅತಿನೇರಳೆ ಕಿರಣಗಳನ್ನು ಇನ್ನಷ್ಟು ಒಳಬಿಡುತ್ತದೆ. ಆದ್ದರಿಂದ ಮೈಗಂಟುವ, ಬೇಗ ಒಣಗುವ ನೈಲಾನ್ ಅಥವಾ ಪಾಲಿಯೆಸ್ಟರಿನ ತುಂಬುತೋಳಿನ ಅಂಗಿ ತೊಡಿಸಿ. ಹಲಗೆ ಉಜ್ಜಿ ಎದೆ, ಹೊಟ್ಟೆ ತರಚುವುದೂ ಇದರಿಂದ ತಪ್ಪುತ್ತದೆ. ಮುಖ, ಕಿವಿ, ಕತ್ತಿಗೆ ನೀರಿಗೆ ಬೇಗ ತೊಳೆದುಹೋಗದ ಸನ್‌ಸ್ಕ್ರೀನ್ ಹಚ್ಚಿ. ಆದರೂ ನೀರು ಗಾಳಿಗಿಂತ ಬಹಳ ಬೇಗ ಮೈಶಾಖವನ್ನು ಸೆಳೆಯುತ್ತದೆ. ಮಗು ನಡುಗತೊಡಗಿದರೆ ಕೂಡಲೇ ದಡಕ್ಕೆ ಕರೆತಂದು ಒಣಬಟ್ಟೆ ತೊಡಿಸಿ.